ತೊಟ್ಟಿಯ ತಳದ ಒಂದು ಚೊಂಬು

“ಬುದ್ಧಿ, ದಿನಾ ಸಂಜೆ ಕೋಪವನ್ನೆಲ್ಲ ಬಿಟ್ಟು ಮಲಗ್ತೀನಿ. ಬೆಳಗಾದ್ರೆ ಅದು ಮತ್ತೆ ಎಲ್ಲಿಂದ ಬರುತ್ತೆ?”

ಮರಿದೇವ ಇದೇ ಪ್ರಶ್ನೆಯನ್ನು ಆ ತಿಂಗಳಲ್ಲಿ ನಾಲ್ಕನೆಯ ಸಲ ಕೇಳುತ್ತಿದ್ದ. ಅವನೂ ಸಿದ್ಧವೀರನೂ ಮಠದ ಅಡುಗೆಮನೆಯಲ್ಲಿ ಜೊತೆಗೆ ಕೆಲಸ ಮಾಡುವ ಶಿಷ್ಯರು. ಸಂಜೆ ಒಬ್ಬರಿಗೊಬ್ಬರು ಶರಣು ಹೇಳಿ ರಾಜಿಯಾಗುತ್ತಿದ್ದರು. ಬೆಳಿಗ್ಗೆ ಒಲೆ ಹೊತ್ತುವ ಮೊದಲೇ ಜಗಳ ಹೊತ್ತಿಕೊಳ್ಳುತ್ತಿತ್ತು. ಹಿಂದಿನ ದಿನ ಇವರ ಗದ್ದಲದಲ್ಲಿ ಅನ್ನ ಸೀದು, ಬಂದ ಭಕ್ತರು ಅರ್ಧ ಹೊಟ್ಟೆಯಲ್ಲಿ ಎದ್ದಿದ್ದರು. ಇನ್ನೊಂದು ಸಲ ಹೀಗಾದರೆ ಇಬ್ಬರಲ್ಲಿ ಒಬ್ಬರು ಬೇರೆ ಮಠಕ್ಕೆ ಹೊರಡಬೇಕು ಎಂದು ಗುರುಗಳು ಹೇಳಿಬಿಟ್ಟಿದ್ದರು. ಮರಿದೇವನಿಗೆ ಹೋಗಲು ಬೇರೆ ಜಾಗವಿರಲಿಲ್ಲ, ಹೋಗುವ ಮನಸ್ಸೂ ಇರಲಿಲ್ಲ.

ಜಪ ಮಾಡು ಎಂದು ಹೇಳಿಯಾಗಿತ್ತು, ಮೌನವಾಗಿರು ಎಂದೂ ಹೇಳಿಯಾಗಿತ್ತು. ಗುರುಗಳಿಗೆ ಸಾಕುಸಾಕಾಗಿತ್ತು. “ಕೂತ್ಕೋ. ನಾನು ಮುಗಿಸೋವರೆಗೆ ಬಾಯಿ ತೆರೀಬೇಡ,” ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಆಲೆಮನೆಯವನಿದ್ದ. ಸುತ್ತಲ ರೈತರು ಕಬ್ಬು ಕಡಿದು ಅವನ ಬಾಗಿಲಿಗೆ ತರುತ್ತಿದ್ದರು. ಗಾಣದಿಂದ ಇಳಿದ ಕಬ್ಬಿನ ಹಾಲು ಒಂದು ಕಲ್ಲಿನ ತೊಟ್ಟಿಗೆ ಬಂದು ನಿಲ್ಲುತ್ತಿತ್ತು. ಒಲೆಯ ಮೇಲಿನ ಕೊಪ್ಪರಿಗೆ ಖಾಲಿಯಾದಾಗ ತೊಟ್ಟಿಯ ಹಾಲನ್ನು ಅದಕ್ಕೆ ಹೊಯ್ದು ಕಾಯಿಸಿ, ಪಾಕ ಮಾಡಿ, ಅಚ್ಚಿಗೆ ಹಾಕುವುದು ಕೆಲಸ. ಅವನ ಅಪ್ಪ ಇದ್ದಾಗ ಆ ಆಲೆಮನೆಯ ಬೆಲ್ಲಕ್ಕೆ ಒಳ್ಳೆಯ ಹೆಸರಿತ್ತು. ಅಪ್ಪ ತೀರಿಕೊಂಡ ವರ್ಷ ಬೆಲ್ಲ ಕೈಕೊಟ್ಟಿತು. ಪಾಕ ಅಚ್ಚಿನಲ್ಲಿ ಗಟ್ಟಿಯಾಗಲೊಲ್ಲದು. ಕೈಯಲ್ಲಿ ಹಿಡಿದರೆ ಬೆರಳಿಗೆ ಅಂಟುವುದು, ಮೂಗಿನ ಹತ್ತಿರ ತಂದರೆ ಹುಳಿ ವಾಸನೆ.

ತೊಟ್ಟಿ ಕೊಳೆಯಾಗಿದೆ ಎಂದು ಯಾರೋ ಹೇಳಿದರು. ಅವನು ದಿನವೂ ಬೆಳಿಗ್ಗೆ ತೊಟ್ಟಿ ತೊಳೆಯಲು ಶುರುಮಾಡಿದ. ತೆಂಗಿನ ನಾರು ಹಿಡಿದು ಕಲ್ಲೇ ಸವೆಯುವ ಹಾಗೆ ಉಜ್ಜಿದ. ಮುಚ್ಚದೆ ಬಿಟ್ಟಿದ್ದೀಯ ಎಂದು ಇನ್ನೊಬ್ಬರು ಹೇಳಿದರು. ಹಲಗೆಯ ಮುಚ್ಚಳ ಮಾಡಿಸಿದ, ಅದರ ಕೆಳಗೆ ಒಗೆದ ಬಟ್ಟೆ ಬಿಗಿದ. ನೊಣ ಬಂದೀತೆಂದು ತಾನೇ ಬೇವಿನ ಸೊಪ್ಪು ಹಿಡಿದು ಪಕ್ಕದಲ್ಲಿ ಕೂತ. ಅಷ್ಟಾದರೂ ಬೆಲ್ಲ ಕಟ್ಟಲಿಲ್ಲ. ಅವನಿಗೆ ತಲೆ ಚಿಟ್ಟುಹಿಡಿಯಿತು. ಕಬ್ಬು ಸರಿಯಿಲ್ಲ ಎಂದು ರೈತರ ಮೇಲೆ ಹಾರಾಡಿದ. ಉರಿ ಸರಿಯಿಲ್ಲ ಎಂದು ಒಲೆಗೆ ಸೋಗೆ ಹಾಕುವವನನ್ನು ಬಾಯಿಗೆ ಬಂದಂತೆ ಬೈದ. ಬೈಯಲು ಯಾರೂ ಸಿಗದಿದ್ದ ದಿನ ಎತ್ತುಗಳನ್ನು ಬೈದ. ಪಾಪ, ಗಾಣ ಸುತ್ತುವುದೊಂದು ಬಿಟ್ಟರೆ ಅವಕ್ಕೆ ಬೆಲ್ಲದ ಸುದ್ದಿಯೇ ಗೊತ್ತಿಲ್ಲ.

ಸಂಕ್ರಾಂತಿ ಹತ್ತಿರ ಬಂತು. ಒಂದು ಬೆಳಿಗ್ಗೆ ಒಬ್ಬ ಹಿರಿಯ ರೈತ ಮೂರು ಗಾಡಿ ಕಬ್ಬು ತಂದು ಬಾಗಿಲಲ್ಲಿ ನಿಲ್ಲಿಸಿದ. “ಇವತ್ತೊಂದಿನ ನೋಡ್ತೀನಿ ಕಣಪ್ಪ. ಇವತ್ತೂ ಬೆಲ್ಲ ಕಟ್ಟದೆ ಹೋದ್ರೆ ನಾಳೆಯಿಂದ ನನ್ನ ಗಾಡಿ ಹೊಳೆಯಾಚೆ ಆಲೆಮನೆಗೆ,” ಎಂದ. ಆಲೆಮನೆಯವನಿಗೆ ಗೊತ್ತಿತ್ತು: ಆ ರೈತ ಹೋದರೆ ಉಳಿದವರೂ ಅವನ ಹಿಂದೆಯೇ ಹೋಗುತ್ತಾರೆ. ಅಪ್ಪ ಹೊತ್ತಿಸಿದ ಒಲೆ ತನ್ನ ಕೈಯಲ್ಲಿ ಆರುತ್ತದೆ.

ಅವನು ಹಲ್ಲು ಕಚ್ಚಿಕೊಂಡು ತೊಟ್ಟಿಯನ್ನು ಒಂದಲ್ಲ, ಮೂರು ಸಲ ತೊಳೆದ. ಅಷ್ಟರಲ್ಲಿ ಹೆಂಡತಿ ರೊಟ್ಟಿ ತಂದಳು. ನೋಡಿದರೆ ಗಂಡ ಒಂದು ಹಿತ್ತಾಳೆ ಚೊಂಬಿನಿಂದ, ತೊಳೆದ ತೊಟ್ಟಿಗೆ ಏನನ್ನೋ ಹೊಯ್ಯುತ್ತಿದ್ದಾನೆ.

“ಅದೇನದು ಉಯ್ತಿರೋದು?”

“ನಿನ್ನೆ ಹಾಲು ಕಣಮ್ಮಿ. ತೊಟ್ಟಿ ಬರಿದಾಗಿರಬಾರದು, ಲಕ್ಷ್ಮಿ ಎದ್ದೋಯ್ತಾಳೆ. ತೊಳೆಯೋಕ್ ಮುಂಚೆ ಒಂದ್ ಚೊಂಬು ತೆಗೆದಿಟ್ಕೊಂಡು, ತೊಳೆದ ಮೇಲೆ ಮತ್ತೆ ಉಯ್ತೀನಿ. ನಮ್ಮಪ್ಪನೂ ಬರಿದು ಬಿಟ್ಟೋನಲ್ಲ.”

ಅವಳು ರೊಟ್ಟಿಯ ಗಂಟನ್ನು ನೆಲಕ್ಕೆ ಕುಕ್ಕಿದಳು. “ಅಯ್ಯೋ, ಮಾವ ಉಯ್ತಿದ್ದದ್ದು ಬಾವಿ ನೀರು! ನಾನೇ ಸೇದಿ ಕೊಡ್ತಿದ್ದೆ. ಗಾಣ ಕಟ್ಟೋ ಹೊತ್ಗೆ ಅದನ್ನೂ ಚೆಲ್ಲೋರು.”

“ನೀರಿಗಿಂತ ಸಿಹೀನೇ ಇರ್ಲಿ ಅಂದ್ಕೊಂಡೆ. ಇಷ್ಟ್ ದೊಡ್ಡ ತೊಟ್ಟಿಗೆ ಒಂದ್ ಚೊಂಬು ಏನ್ ಮಾಡುತ್ತೆ?”

ಅವಳು ಚೊಂಬಿನಲ್ಲಿ ಉಳಿದದ್ದನ್ನು ಅವನ ಬೊಗಸೆಗೆ ಬಗ್ಗಿಸಿ, ಕುಡಿಯಿರಿ ಎಂದಳು. ಅವನು ಕುಡಿದ, ಕುಡಿದ ಹಾಗೇ ಉಗುಳಿದ. ನಿನ್ನೆಯ ಚೊಂಬಿನಲ್ಲಿ ಮೊನ್ನೆಯದಿತ್ತು, ಮೊನ್ನೆಯದರಲ್ಲಿ ಆಚೆಮೊನ್ನೆಯದಿತ್ತು. ದೀಪಾವಳಿಗೆ ಹಿಂಡಿದ ಹಾಲು ಸಂಕ್ರಾಂತಿ ಬಂದರೂ ಆ ತೊಟ್ಟಿ ಬಿಟ್ಟು ಹೋಗಿರಲಿಲ್ಲ. ಅವನು ದಿನವೂ ತೊಳೆದದ್ದು ಕಲ್ಲನ್ನು. ಹುಳಿಯನ್ನು ಮಾತ್ರ ಜೋಪಾನವಾಗಿ ಎತ್ತಿಟ್ಟು, ಮತ್ತೆ ಒಳಗೆ ಬಿಟ್ಟು, ಮೇಲೆ ಮುಚ್ಚಳ ಮುಚ್ಚಿ, ನೊಣ ಕಾಯುತ್ತ ಕೂತಿದ್ದ.

ಎಲ್ಲ ತಿಳಿದ ಮೇಲೂ ಚೆಲ್ಲಲು ಅವನಿಗೆ ಕೈ ಬರಲಿಲ್ಲ. ಬರಿದಾದ ತೊಟ್ಟಿಯನ್ನು ನೋಡುವುದೆಂದರೆ ಅವನಿಗೆ ನಿಜವಾಗಿಯೂ ಹೆದರಿಕೆ. ಬಾಗಿಲಲ್ಲಿ ಗಾಡಿಯ ಎತ್ತುಗಳು ಕಾಲು ಬದಲಿಸುತ್ತಿದ್ದವು. ಕೊನೆಗೆ ಕಣ್ಣು ಮುಚ್ಚಿಕೊಂಡು ತೂಬಿನ ಬೆಣೆ ಕಿತ್ತ. ಒಂದು ಹನಿ ಇಲ್ಲದಂತೆ ಹರಿಯಬಿಟ್ಟು, ಬಿಸಿನೀರು ಹಾಕಿ ತೊಳೆದು, ಬಟ್ಟೆಯಲ್ಲಿ ಒರೆಸಿದ. ಚೊಂಬನ್ನೂ ತೊಳೆದು ಬೋರಲು ಹಾಕಿದ. ಆಮೇಲೆ ಗಾಣ ಕಟ್ಟಿದ. ಅಂದು ಮಧ್ಯಾಹ್ನ ಅಚ್ಚು ಮಗುಚಿದರೆ ಬೆಲ್ಲ ಟಣ್ಣನೆ ಬಿತ್ತು. ರೈತ ಒಂದು ಅಚ್ಚು ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡ, ನಾಳೆ ಇನ್ನೂ ಎರಡು ಗಾಡಿ ತರುತ್ತೇನೆ ಎಂದು ಹೇಳಿ ಹೋದ.

ಗುರುಗಳು ಕತೆ ನಿಲ್ಲಿಸಿದರು. ಮರಿದೇವನ ಮುಖ ಅರಳಿತ್ತು. ಅವನು ಎದ್ದು ಕೈಮುಗಿದ.

“ತಿಳೀತು ಬುದ್ಧಿ. ಇವತ್ತೇ ಎಲ್ಲ ಚೆಲ್ಲಿಬಿಡ್ತೀನಿ, ಒಂದು ಹನೀನೂ ಉಳಿಸಲ್ಲ. ‘ಹೊಟ್ಟೆಪಾಡಿಗೆ ಮಠ ಸೇರಿದೋನು’ ಅಂತ ಸಿದ್ಧವೀರ ನಂಗೆ ಅಂದನಲ್ಲ, ಆ ಮಾತೊಂದನ್ನ ಮಾತ್ರ ನೆನಪಲ್ಲಿ ಇಟ್ಕೊಂಡಿರ್ತೀನಿ. ಕೋಪಕ್ಕಲ್ಲ, ಮುಂದೆ ಹುಷಾರಾಗಿರೋಕೆ.”

ಗುರುಗಳು ಹಣೆ ಹಿಡಿದುಕೊಂಡರು. ಅಡುಗೆಮನೆಯಲ್ಲಿ ಮಜ್ಜಿಗೆಗೆಂದು ದಿನವೂ ಹಾಲು ಕಾಯಿಸಿ ಇಡುವವನು ಇವನೇ. ಅವರು ತಲೆಯೆತ್ತಿ ಕೇಳಿದರು:

“ಒಂದು ಗಡಿಗೆ ಹಾಲಿಗೆ ನೀನು ಎಷ್ಟು ಹೆಪ್ಪು ಹಾಕ್ತೀಯಪ್ಪ?”

“ಒಂದೇ ತೊಟ್ಟು, ಬುದ್ಧಿ,” ಎಂದ ಮರಿದೇವ ಮುಗಿದ ಕೈಯನ್ನು ಮೆಲ್ಲಗೆ ಇಳಿಸಿದ.