ಹಕ್ಕಿಕಲ್ಲಿನ ಕೊಡದ ಕಥೆ

ಎಲ್ಲರೂ ದೀಪದ ಹತ್ತಿರ ಬನ್ನಿ, ಕೈಗೆ ಅಕ್ಕಿಕಾಳು ತಗೊಂಡು ಕೇಳಿ. ಇದು ಕಡಲಮ್ಮನಿಗೆ ಕೊಡ ಇಡೋ ವ್ರತದ ಕಥೆ.

ಕಡಲಂಚಿನ ಒಂದು ಕೇರೀಲಿ ಜಟ್ಟಿ ಅನ್ನೋ ಮೀನುಗಾರ, ಅವನ ಹೆಂಡ್ತಿ ಮಂಕಾಳಿ ಇದ್ರು. ಕೇರಿಗೆಲ್ಲ ದೊಡ್ಡ ದೋಣಿ ಅವರದ್ದು. ಶ್ರಾವಣದ ನೂಲು ಹುಣ್ಣಿಮೆ ಬಂತಂದ್ರೆ, ಮೊದಲ ಬಲೆ ಬೀಸೋ ಮುಂಚೆ, ಮನೆಗೊಂದು ಹೊಸ ಮಣ್ಣಿನ ಕೊಡಕ್ಕೆ ಬಾವಿ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಪೂಜೆ ಮಾಡಿ, ಹಕ್ಕಿಕಲ್ಲು ಅನ್ನೋ ನಡುಗಡ್ಡೆಯ ಬಂಡೆ ನೆರಳಲ್ಲಿ ಇಟ್ಟು ಬರ್ತಿದ್ರು. ದಿಕ್ಕು ತಪ್ಪಿ ಬಂದವರು ಯಾರಾದ್ರೂ ಕುಡೀಲಿ ಅಂತ. ಎಲ್ಲರ ಕೊಡಾನೂ ಒಯ್ಯೋದು ಜಟ್ಟಿ ದೋಣೀನೇ.

ಆ ವರ್ಷ ಮಂಕಾಳಿಗೆ ಸೊಕ್ಕು ಬಂತು. ಕೊಡ ಹೊತ್ತು ಬಂದ ಹೆಂಗಸರ ಎದುರೇ, "ಏಡಿಗೆ ನೀರು ಕುಡಿಸೋಕೆ ನಮ್ಮ ದೋಣಿ ಬೇಕಾ? ಜೊತೆಗೆ ಲೋಟಾನೂ ಇಡಿ, ಪಾಪ, ಕಚ್ಚಿ ಕುಡಿದು ಎಂಜಲು ಮಾಡ್ಯಾವು!" ಅಂತ ನಕ್ಕಳು. "ಬಾಯಿಗೆ ಬಂದದ್ದು ಆಡ್ಬೇಡ ಮಾರಾಯ್ತಿ" ಅಂತ ನೆರೆಮನೆ ತಿಮ್ಮಕ್ಕ ಗದರಿದ್ರೂ ಕೇಳಲಿಲ್ಲ. ಜಟ್ಟಿ ಎದುರಾಡದೆ ನೇರ ಮೀನಿಗೆ ಹೋದ. ಕೊಡಗಳು ಅಂಗಳದಲ್ಲೇ ಉಳಿದವು.

ಮಳೆಗಾಲ ಕಳೆದ ಮೇಲೆ ಗಂಡ ಹೆಂಡ್ತಿ ಅವಳ ತವರಿಗೆ ಅಂತ ದೋಣೀಲಿ ಹೊರಟಾಗ, ಗಾಳಿ ತಿರುಗಿ, ಅಲೆ ಎದ್ದು, ದೋಣಿ ಹಕ್ಕಿಕಲ್ಲಿಗೇ ಬಡಿದು ಒಡೆದು, ಇಬ್ಬರೂ ಹೇಗೋ ಈಜಿ ಮೇಲೆ ಹತ್ತಿದ್ರು. ಬಂಡೆ ನೆರಳಿಗೆ ಓಡಿ ನೋಡಿದ್ರೆ ಹಿಂದಿನ ವರ್ಷಗಳ ಕೊಡಗಳು ಒಡೆದು ಬಿದ್ದಿದ್ವು. ಒಂದೇ ಒಂದು ಗಟ್ಟಿ ಇತ್ತು, ಅದೂ ಖಾಲಿ.

ಜಟ್ಟಿ ತಲೆ ಮೇಲೆ ಕೈಹೊತ್ತು ಕೂತ. ಮಂಕಾಳಿ ಕೂರಲಿಲ್ಲ. ಬೆಳಕು ಹರಿಯೋ ಹೊತ್ತಿಗೆ ಸೆರಗನ್ನ ಹುಲ್ಲಿನ ಮೇಲೆ ಎಳೆದು, ಇಬ್ಬನಿ ಹೀರಿಸಿ, ಹಿಂಡಿ, ಗಂಡನ ಬಾಯಿಗೆ ಬಿಟ್ಟಳು. ಬಂಡೆಗಂಟಿದ ಚಿಪ್ಪು ಕಿತ್ತು ಒಳಗಿನ ಮಾಂಸ ತಿನ್ನಿಸಿದಳು. ಒಂದು ಮಳೆ ಬಂದು ಕಲ್ಲಿನ ಕುಳೀಲಿ ನೀರು ನಿಂತಾಗ, ಮೊದಲು ಆ ಕೊಡ ತುಂಬಿ, ಸೆರಗು ಹರಿದು ಬಾಯಿ ಕಟ್ಟಿ, "ಅಮ್ಮಾ, ತಡವಾಯ್ತು. ಇದು ನಮ್ಮದಲ್ಲ" ಅಂತ ಕೈಮುಗಿದು, ಉಳಿದದ್ದನ್ನ ಮಾತ್ರ ಇಬ್ಬರೂ ಕುಡಿದ್ರು.

ಮತ್ತೆ ಮಳೆ ಬರಲಿಲ್ಲ. ಕುಳಿ ಬತ್ತಿತು, ಒಣಗಾಳಿ ಬೀಸಿ ಇಬ್ಬನಿಯೂ ನಿಂತಿತು. ಜಟ್ಟಿ ನಾಲಿಗೆ ದಪ್ಪಾಗಿ, "ಯಾರೂ ಬರೋದಿಲ್ಲ, ಕೊಡ ಬಿಚ್ಚು ಮಾರಾಯ್ತಿ" ಅಂತ ಅಂಗಲಾಚಿದ.

"ಬೆಳಗಿನವರೆಗೆ ತಡೀರಿ."

"ಆಮೇಲೆ?"

"ಆಮೇಲೂ ಕೇಳಿದ್ರೆ ಮತ್ತೆ ಬೆಳಗಿನವರೆಗೆ ಅಂತೇನೆ."

ಮರುದಿನ ಒಂದು ಸಣ್ಣ ದೋಣಿ ತೇಲ್ತಾ ಬಂತು. ಹುಟ್ಟು ಕಳ್ಕೊಂಡ ಮುದುಕ ಒಬ್ಬ ಅದರಲ್ಲಿ ಬಿದ್ದಿದ್ದ, ಉಸಿರು ಸಣ್ಣಗೆ ಆಡ್ತಿತ್ತು. ಮಂಕಾಳಿ ಕೊಡ ಬಿಚ್ಚಿ, ತಾನು ಒಂದು ಹನೀನೂ ಮುಟ್ಟದೆ, ಅವನ ಬಾಯಿಗೆ ಗುಟುಕು ಗುಟುಕಾಗಿ ಬಿಟ್ಟಳು. ಅವನು ಕಣ್ಣು ಬಿಟ್ಟು, ಕುಡಿದು, ಕೊಡವನ್ನ ಅವರ ಕಡೆ ತಳ್ಳಿ, "ನನ್ನ ಪಾಲು ಆಯ್ತು, ಇನ್ನು ನಿಮ್ಮದು. ದೋಣಿ ಗಟ್ಟಿ ಉಂಟು, ನನ್ನ ಕೈಯಲ್ಲಿ ಬಲ ಇಲ್ಲ ಅಷ್ಟೆ" ಅಂದ. ಇಬ್ಬರೂ ಕುಡಿದು, ಒಡೆದ ದೋಣಿಯ ಹಲಗೇನೇ ಹುಟ್ಟು ಮಾಡ್ಕೊಂಡು, ಅಂಗೈ ಸುಲಿದ್ರೂ ಬಿಡದೆ ಎಳೆದು, ಮೂವರೂ ಊರ ದಡ ಸೇರಿದ್ರು.

ಕೇರಿಯವರು ಅತ್ತು, ಗಂಜಿ ಬಡಿಸಿದ್ರೆ ಮಂಕಾಳಿ ಕೂರದೆ ಬಾವಿ ಕಡೆ ಹೋದಳು. "ಉಂಡು ಹೋಗೇ" ಅಂತ ತಿಮ್ಮಕ್ಕ ಕೂಗಿದ್ರೆ, "ಅಲ್ಲಿ ಕೊಡ ಖಾಲಿ ಉಂಟು ಅಕ್ಕ" ಅಂದು, ನೀರು ಸೇದಿ, ಕೊಡ ತುಂಬಿ, ಕೇರಿ ಹುಡುಗರ ಕೈಲಿ ಮುದುಕನ ದೋಣೀಲೇ ಹಕ್ಕಿಕಲ್ಲಿಗೆ ಕಳಿಸಿ, ಆಮೇಲೆ ಉಂಡಳು. ಮುಂದೆ ಹೊಸ ದೋಣಿ ಆಯ್ತು, ಬಲೆ ತುಂಬಿತು, ಕೊಡ ಇಡೋದು ಮಾತ್ರ ಯಾವ ವರ್ಷವೂ ತಪ್ಪಲಿಲ್ಲ.

ಈ ಕಥೆ ಹೇಳಿದವರಿಗೆ, ಕೇಳಿದವರಿಗೆ, ಅರ್ಧ ಕೇಳಿ ನಿದ್ದೆ ಹೋದ ಮಕ್ಕಳಿಗೂ, ಎಲ್ಲಿ ದಿಕ್ಕು ತಪ್ಪಿದ್ರೂ ದಡ ಕಾಣ್ಲಿ, ಬಾಯಾರಿದ ಹೊತ್ತಿಗೆ ನೀರು ಸಿಗ್ಲಿ. ಕಡಲಿನ ಇಳಿತ ಶುರುವಾಯ್ತು, ದೋಣಿ ಹೊರಡೋ ಹೊತ್ತು, ಏಳಿ, ಕೊಡ ಎತ್ತಿ.