ಎಂಬತ್ತಮೂರು ಮನೆಗಳ ಗಂಟೆಯ ತೂಕ

ಸಮಯ ಬೆಳಿಗ್ಗೆ ಎಂಟು ಗಂಟೆ. ಮಳೆ ನಿಂತು ಎಳೆಬಿಸಿಲು ಬಿದ್ದಿತ್ತು, ಗಾಳಿ ಇರಲಿಲ್ಲ. ಮಠದ ಜಗಲಿಯಲ್ಲಿ ಹಾಜರಿದ್ದವರು ಗುರುಗಳು, ಏಳು ಮಂದಿ ಶಿಷ್ಯರು ಮತ್ತು ಅಡುಗೆಯ ಗುರಪಾದಯ್ಯ. ತಡವಾಗಿ ಬಂದವರು ಯಾರೂ ಇಲ್ಲ.

ಶಿಷ್ಯರು ಹಿಂದಿನ ದಿನ ವಿಜಯಪುರಕ್ಕೆ ಹೋಗಿ ಬಂದಿದ್ದರು. ಗೋಳಗುಮ್ಮಟವನ್ನು ತಕ್ಕಡಿಗೆ ಹಾಕಿದರೆ ಎದುರು ತಟ್ಟೆಗೆ ಎಷ್ಟು ಜೋಳದ ಚೀಲ ಬೇಕು ಎಂಬ ಚರ್ಚೆ ದಾರಿಯಲ್ಲೇ ಶುರುವಾಗಿತ್ತು. ಏಳು ಮಂದಿಗೆ ಏಳು ಉತ್ತರ ಬಂದಿದ್ದವು.

"ಚೀಲ ಬೇಡ. ನಾನು ಸುಡುವ ರೊಟ್ಟಿಯಲ್ಲಿ ಹೇಳಿರಿ, ನನಗೂ ತಿಳಿಯಲಿ," ಎಂದ ಗುರಪಾದಯ್ಯ.

"ನಿಮ್ಮ ರೊಟ್ಟಿಯಾದರೆ ನಾಲ್ಕು ಸಾಕು, ಅಯ್ಯನವರೇ," ಎಂದ ಒಬ್ಬ ಶಿಷ್ಯ.

ಎಲ್ಲರೂ ನಕ್ಕರು. ಗುರುಗಳು ನಗು ಮುಗಿಯುವವರೆಗೆ ಕಾದರು. ಆಗ ಮುರಿಗೆಪ್ಪನೆಂಬ ಶಿಷ್ಯ ಎದ್ದು ನಿಂತು ಕೇಳಿದ:

"ಗುರುಗಳೇ, ದೊಡ್ಡದೊಂದನ್ನು ಸಣ್ಣ ವಸ್ತುಗಳ ಎದುರು ಇಟ್ಟು ತೂಗುತ್ತೇವೆ. ಎರಡೂ ಹೊಂದಬೇಕು, ಹೊಂದುವುದಿಲ್ಲ. ಆಗ ತಪ್ಪನ್ನು ಎಲ್ಲಿ ಹುಡುಕಬೇಕು?"

"ಕುಳಿತುಕೋ," ಎಂದರು ಗುರುಗಳು. ಅವನು ಕುಳಿತ ಮೇಲೆ ಹೇಳತೊಡಗಿದರು.

ಒಂದು ಊರು. ಅಲ್ಲಿ ಎಂಬತ್ತಮೂರು ಮನೆ. ಊರಿನ ನಡುವೆ ಒಂದು ಗೋಪುರ. ಸುತ್ತಲಿನ ಏಳು ಹಳ್ಳಿಗಳಿಗೆ ಅದು ಕಾಣುತ್ತಿತ್ತು. ಆದರೆ ಅದರಲ್ಲಿ ಗಂಟೆ ಇರಲಿಲ್ಲ. ಊರಿನವರು ಸೇರಿ ಒಂದು ತೀರ್ಮಾನ ಮಾಡಿದರು: ಪ್ರತಿ ಮನೆಯೂ ಅಡುಗೆಮನೆಯಿಂದ ಒಂದು ಕಂಚಿನ ಇಲ್ಲವೆ ಹಿತ್ತಾಳೆಯ ಪಾತ್ರೆ ಕೊಡಬೇಕು, ಎಲ್ಲವನ್ನೂ ಕರಗಿಸಿ ಗಂಟೆ ಎರೆಯಬೇಕು.

ಕೊಡುವ ದಿನಕ್ಕೆ ಒಂದು ಕ್ರಮವಿತ್ತು. ಪಾತ್ರೆಯನ್ನು ತಕ್ಕಡಿಯ ಒಂದು ತಟ್ಟೆಗೆ ಇಡುವುದು. ಇನ್ನೊಂದು ತಟ್ಟೆಗೆ ಹೊಳೆಯ ಕಲ್ಲು ಹಾಕಿ ಸಮ ಮಾಡುವುದು. ಮನೆಯ ಹೆಸರನ್ನೂ ತೂಕವನ್ನೂ ಗಟ್ಟಿಯಾಗಿ ಕೂಗುವುದು. ಪಾತ್ರೆ ಎರಕದವನ ಗಾಡಿಗೆ, ಕಲ್ಲು ಚಾವಡಿಯ ಕೋಣೆಗೆ. ಕೋಣೆಗೆ ಬೀಗ. ಗಂಟೆ ಬಂದ ದಿನ ಅದೇ ಕಲ್ಲುಗಳ ಎದುರು ಗಂಟೆಯನ್ನು ತೂಗಬೇಕು.

ಹೆಸರು ಕೂಗುತ್ತಾರೆ ಎಂದಮೇಲೆ ಯಾರಿಗೂ ಹಗುರವಾದ ಪಾತ್ರೆ ಕೊಡಲು ಮನಸ್ಸಿರಲಿಲ್ಲ. ಎಲ್ಲರಿಗಿಂತ ಹೆಚ್ಚು ತೂಗಿದ್ದು ಒಬ್ಬ ವರ್ತಕನ ದೀಪದ ಕಂಬ. ಅವನ ಹೆಸರನ್ನು ಎರಡು ಸಲ ಕೂಗಿದರು. ಎರಡನೆಯ ಸಲ ಕೂಗಲು ಅವನೇ ಹೇಳಿದ್ದ.

ಒಟ್ಟು ಆರುನೂರು ಸೇರು ಆಯಿತು. ನೂರಕ್ಕೆ ಎರಡು ಸೇರು ಬೆಂಕಿಯಲ್ಲಿ ಸುಟ್ಟು ಹೋಗುತ್ತದೆ ಎಂದು ಎರಕದವನು ಹೇಳಿದ. ಊರು ಒಪ್ಪಿತು. ಅದಕ್ಕಿಂತ ಹೆಚ್ಚು ಲೋಹ ಕಡಿಮೆ ಬಿದ್ದರೆ ಏನು ಮಾಡಬೇಕೆಂಬುದೂ ಮೊದಲೇ ನಿಶ್ಚಯವಾಗಿತ್ತು. ಗಂಟೆಯ ಅಂಚಿನಲ್ಲಿ ಎರಕದವನ ಮನೆತನದ ಮುದ್ರೆ ಇರುತ್ತದೆ. ಲೋಹ ಕದ್ದವನೆಂದು ಕಂಡುಬಂದರೆ ಆ ಮುದ್ರೆಯನ್ನು ಅರ ಹಾಕಿ ಉಜ್ಜಿ ಅಳಿಸಬೇಕು. ಅಳಿಸಿದ ಮುದ್ರೆಯವನನ್ನು ಆಮೇಲೆ ಯಾವ ಊರೂ ಕರೆಯುವುದಿಲ್ಲ. ಅವನ ಮಕ್ಕಳನ್ನೂ ಕರೆಯುವುದಿಲ್ಲ.

ಮೂರು ತಿಂಗಳ ಮೇಲೆ ಗಂಟೆ ಬಂತು. ಬಡಿದು ನೋಡಿದರು. ನಾದ ಚೆನ್ನಾಗಿತ್ತು. ಎರಡು ಕಂಬಗಳ ನಡುವೆ ತೇಗದ ತೊಲೆಯನ್ನು ತಕ್ಕಡಿಯ ದಂಡದಂತೆ ಕಟ್ಟಿ, ಅದರ ಒಂದು ತುದಿಗೆ ಗಂಟೆಯನ್ನು, ಇನ್ನೊಂದು ತುದಿಗೆ ಹಲಗೆಯನ್ನು ತೂಗು ಹಾಕಿದರು. ಕೋಣೆಯ ಕಲ್ಲುಗಳಲ್ಲಿ ಬೆಂಕಿಯ ಪಾಲಿನ ಹನ್ನೆರಡು ಸೇರು ತೆಗೆದಿಟ್ಟು, ಉಳಿದದ್ದನ್ನು ಹಲಗೆಯ ಮೇಲೆ ಪೇರಿಸಿದರು.

ಹಲಗೆ ಕೆಳಗಿಳಿಯಿತು. ಗಂಟೆ ಮೇಲೆ ನಿಂತಿತು. ಸಮ ಮಾಡಲು ಗಂಟೆಗೆ ಎಷ್ಟು ಕಲ್ಲು ಕಟ್ಟಬೇಕೆಂದು ನೋಡಿದರು. ಹದಿನೆಂಟು ಸೇರು ಬೇಕಾಯಿತು. ಆ ಕಲ್ಲುಗಳನ್ನು ಬಿಚ್ಚಿಟ್ಟರು.

"ಹದಿನೆಂಟು ಸೇರು ಎಲ್ಲಿ ಹೋಯಿತು?" ಎಂದು ಊರಿನ ಗೌಡ ಕೇಳಿದ.

ಎರಕದವನು ತಲೆ ತಗ್ಗಿಸಿದ. "ನಾನು ಕದ್ದಿಲ್ಲ, ಗೌಡರೇ," ಎಂದ.

"ಕದ್ದವನು ಕದ್ದೆ ಎನ್ನುತ್ತಾನೆಯೇ? ಅರ ತನ್ನಿ," ಎಂದ ವರ್ತಕ.

ಅರ ಬಂತು. ಕಮ್ಮಾರ ಗಂಟೆಯ ಹತ್ತಿರ ಹೋಗಿ ಕುಳಿತ. ಎರಕದವನ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಷ್ಟರಲ್ಲಿ ಒಬ್ಬ ಮುದುಕಿ ಮುಂದೆ ಬಂದಳು. ಅವಳು ಹಾಲು ಕಾಯಿಸುವ ಪಾತ್ರೆ ಕೊಟ್ಟವಳು.

"ತಡಿಯಪ್ಪ ಕಮ್ಮಾರ," ಎಂದಳು. "ಅವನ ಮುದ್ರೆ ಉಜ್ಜುವ ಮೊದಲು ನನ್ನ ಪಾತ್ರೆ ಉಜ್ಜಬೇಕಿತ್ತು. ನಲವತ್ತು ವರ್ಷದ ಸೀದ ಹಾಲು ಅದರ ತಳದಲ್ಲಿ ಹಾಗೇ ಇತ್ತು. ನೀವು ನಾಲ್ಕು ಸೇರು ಅಂತ ಕೂಗಿದಿರಿ. ನನಗೂ ಖುಷಿಯಾಯಿತು. ಸುಮ್ಮನಿದ್ದೆ."

"ತಿಕ್ಕಿ ಕೊಡ್ತೀನಿ ಅಂದರೆ ಬೇಡ ಅಂದವರು ನೀವೇ, ಅತ್ತೆ," ಎಂದಳು ಅವಳ ಸೊಸೆ.

"ಅದನ್ನೇ ಹೇಳ್ತಾ ಇದ್ದೀನಲ್ಲ. ಮನೆಯ ಮಾತನ್ನು ಮತ್ತೆ ನೀನೇಕೆ ಹೇಳ್ತೀಯ?"

ಜನ ನಕ್ಕರು. ಮುದುಕಿ ಹಲಗೆಯಿಂದ ಅರ್ಧ ಸೇರಿನ ಒಂದು ಕಲ್ಲು ತೆಗೆದು ನೆಲಕ್ಕೆ ಇಟ್ಟಳು. "ಇದು ಹಾಲು. ಕಂಚಲ್ಲ," ಎಂದಳು.

ನಗು ಇನ್ನೂ ನಿಂತಿರಲಿಲ್ಲ. ಒಬ್ಬ ರೈತ ಎದ್ದ. ತನ್ನ ಕೊಳಗಕ್ಕೆ ಎರಡು ಕಬ್ಬಿಣದ ಬಳೆ ಬಿಗಿದಿದ್ದವೆಂದೂ, ಕಬ್ಬಿಣ ಕಂಚಿನಲ್ಲಿ ಕರಗುವುದಿಲ್ಲವೆಂದು ತನಗೆ ಗೊತ್ತಿತ್ತೆಂದೂ ಹೇಳಿ ಎರಡು ಸೇರು ಕಲ್ಲು ಇಳಿಸಿದ. ಗಿಂಡಿ ಕೊಟ್ಟವನು ಬಂದ. ಸೋರುವ ಗಿಂಡಿಗೆ ಅರಗು ಮೆತ್ತಿದ್ದೆ ಎಂದು ಕಾಲು ಸೇರು ಇಳಿಸಿದ. ನೀರೊಲೆಯ ಹಂಡೆ ಕೊಟ್ಟವಳು ಮಸಿಯ ಲೆಕ್ಕಕ್ಕೆ ಒಂದು ಸೇರು ಎತ್ತಿದಾಗ, "ನಿಮ್ಮ ಹಂಡೆಗೆ ಅಷ್ಟು ಸಾಲದು, ಇನ್ನೊಂದು ಎತ್ತು," ಎಂದು ಪಕ್ಕದ ಮನೆಯವಳು ಸಲಹೆ ಕೊಟ್ಟಳು. ಹಂಡೆಯವಳು ಇನ್ನೊಂದು ಎತ್ತಿದಳು. ಆಮೇಲೆ ಪಕ್ಕದ ಮನೆಯವಳನ್ನು ಕೈ ಹಿಡಿದು ಹಲಗೆಯ ಬಳಿಗೆ ತಂದು ನಿಲ್ಲಿಸಿದಳು.

ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತರು. ತಪ್ಪೊಪ್ಪಿಕೊಳ್ಳುವ ಸಾಲಿನಲ್ಲಿ ಅಷ್ಟೊಂದು ನಗು ಆ ಊರು ಹಿಂದೆ ಕಂಡಿರಲಿಲ್ಲ. ತೊಲೆ ಸ್ವಲ್ಪಸ್ವಲ್ಪವೇ ತಿರುಗಿತು. ಹದಿನೆಂಟು ಸೇರು ಇಳಿದಾಗ ಸಮವಾಗಿ ನಿಂತಿತು.

ಕಮ್ಮಾರ ಅರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಜನ ಚಪ್ಪಾಳೆ ತಟ್ಟಿದರು. ಆದರೆ ಸಾಲಿನಲ್ಲಿ ಇನ್ನೂ ಹನ್ನೊಂದು ಮಂದಿ ಇದ್ದರು.

"ಸಮವಾಯಿತಲ್ಲ, ಹೋಗಿರಿ," ಎಂದ ಗೌಡ.

"ನಮ್ಮದನ್ನು ಯಾರು ಇಳಿಸಬೇಕು, ಗೌಡರೇ?" ಎಂದ ಸಾಲಿನ ಮೊದಲಿಗ. ಉತ್ತರಕ್ಕೆ ಕಾಯದೆ ಇಳಿಸಿದ. ಹನ್ನೊಂದು ಮಂದಿಯೂ ಇಳಿಸಿದರು. ಗಂಟೆ ಕೆಳಗೆ ಜಗ್ಗತೊಡಗಿತು.

ವರ್ತಕ ದೂರದಲ್ಲಿ ನಿಂತು ಆಕಾಶ ನೋಡುತ್ತಿದ್ದ. ಅವನ ಹೆಂಡತಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ನಮ್ಮ ದೀಪದ ಕಂಬದ ಹೊಟ್ಟೆಯಲ್ಲಿ ಜೇಡಿಮಣ್ಣು ತುಂಬಿದ್ದಿರಲ್ಲ. ಅದನ್ನು ಯಾವಾಗ ಇಳಿಸ್ತೀರಿ?"

"ಅದು ಅಪ್ಪನ ಕಾಲದ್ದು," ಎಂದ ವರ್ತಕ.

"ಅಪ್ಪ ತುಂಬಿದ್ದು ಅರ್ಧ. ಮಿಕ್ಕ ಅರ್ಧ ಕೊಡುವ ಹಿಂದಿನ ದಿನದ್ದು."

ವರ್ತಕ ಬಂದು ಐದು ಸೇರಿನ ಕಲ್ಲನ್ನು ಎರಡೂ ಕೈಯಿಂದ ಎತ್ತಿದ. ಗಂಟೆ ಇಳಿದು ನೆಲ ಮುಟ್ಟಿತು. ಹಲಗೆಯಿಂದ ಇಳಿಸಿದ್ದ ಕಲ್ಲುಗಳನ್ನು ತೂಗಿದರು. ಮೂವತ್ತೊಂದು ಸೇರು. ಕಡಿಮೆ ಬಿದ್ದದ್ದು ಹದಿನೆಂಟು; ಊರು ಒಪ್ಪಿಕೊಂಡದ್ದು ಮೂವತ್ತೊಂದು. ಈಗ ಗಂಟೆಯೇ ಹದಿಮೂರು ಸೇರು ಹೆಚ್ಚು ತೂಗುತ್ತಿತ್ತು.

ಗೌಡ ಎರಕದವನನ್ನು ಕರೆದ. "ಈ ಹದಿಮೂರು ಸೇರು ಯಾರದು?"

"ನಮ್ಮ ಮನೆಯದು," ಎಂದ ಎರಕದವನು. "ಲೋಹ ಕರಗಿಸುವ ಮೂಸೆಯಲ್ಲಿ ಮೇಲೆ ತೇಲಿದ ಕಿಟ್ಟವನ್ನೆಲ್ಲ ತೆಗೆದ ಮೇಲೆ ನೋಡಿದೆ. ಅಚ್ಚು ತುಂಬುವಷ್ಟು ಲೋಹ ಇರಲಿಲ್ಲ. ಹಾಗೆಯೇ ಎರೆದಿದ್ದರೆ ತೂಗುಹಾಕಲು ಗಂಟೆಗೆ ಕಿವಿಯೇ ಬರುತ್ತಿರಲಿಲ್ಲ. ಇವಳು ಹಂಡೆ ತಂದು ಕೊಟ್ಟಳು. ಅದೂ ಸಾಲಲಿಲ್ಲ. ಕೊಡ, ತಂಬಿಗೆ, ಸೌಟು ತಂದು ಕೊಟ್ಟಳು. ಮೂರು ತಿಂಗಳಿಂದ ಮಣ್ಣಿನ ಮಡಕೆಯಲ್ಲಿ ಅಡುಗೆ."

"ಮೊದಲೇ ಏಕೆ ಹೇಳಲಿಲ್ಲ?"

"ಹೇಳಿದ್ದರೆ ಯಾರ ಪಾತ್ರೆಯಲ್ಲಿ ಏನಿತ್ತು ಎಂದೂ ಹೇಳಬೇಕಾಗುತ್ತಿತ್ತು. ಎಂಬತ್ತಮೂರು ಹೆಸರುಗಳನ್ನು ನೀವು ಗಟ್ಟಿಯಾಗಿ ಕೂಗಿಯಾಗಿತ್ತು, ಗೌಡರೇ."

ಆಮೇಲೆ ಹಾಲಿನ ಪಾತ್ರೆಯ ಮುದುಕಿ ಎರಕದವನ ಹೆಂಡತಿಯ ಹತ್ತಿರ ಹೋಗಿ, "ನಿನಗೆ ಎಂಥ ಹಂಡೆ ಬೇಕು ತಾಯಿ?" ಎಂದು ಕೇಳಿದಳು. ಸಭೆ ಮತ್ತೆ ಗಲಗಲ ಎಂದಿತು. ನನ್ನ ಮನೆಯದು ಒಯ್ಯಿ, ನನ್ನ ಮನೆಯದು ಒಯ್ಯಿ ಎಂದು ಹೆಂಗಸರು ಅವಳನ್ನು ಸುತ್ತುಗಟ್ಟಿದರು. ಕೊಡುವ ಪಾತ್ರೆಯೊಳಗೆ ಅವಳು ಇಣುಕಿ ನೋಡುತ್ತಾಳೆಂಬ ಭಯ ಎಲ್ಲರಿಗೂ ಇತ್ತು. ಆ ವಾರ ಊರಿನ ಅಂಗಡಿಗಳಲ್ಲಿ ಹುಣಸೆಹಣ್ಣು ಸಿಗಲಿಲ್ಲ.

ಗಂಟೆ ಗೋಪುರ ಏರಿತು. ಮುದ್ರೆ ಇದ್ದ ಹಾಗೆಯೇ ಉಳಿಯಿತು. ಗಂಟೆಯನ್ನು ನೋಡಲು ದೂರದಿಂದ ಜನ ಬರುತ್ತಿದ್ದರು. ಎಷ್ಟು ತೂಕ ಎಂದು ಅವರು ಕೇಳಿದರೆ, ಊರಿನವರು ಸೇರಿನಲ್ಲಿ ಹೇಳುತ್ತಿರಲಿಲ್ಲ. "ನಮ್ಮ ಎಂಬತ್ತಮೂರು ಅಡುಗೆಮನೆ, ಎರಕದವನದು ಸೇರಿ ಎಂಬತ್ತನಾಲ್ಕು," ಎನ್ನುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು. ಗುರಪಾದಯ್ಯ ಇನ್ನೂ ನಗುತ್ತಿದ್ದ. ಮುರಿಗೆಪ್ಪ ನಗಲಿಲ್ಲ. ಅವನು ಮತ್ತೆ ಎದ್ದು ನಿಂತ.

"ಕತೆ ತಿಳಿಯಿತು, ಗುರುಗಳೇ. ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ತೂಕ ಹೊಂದದಿದ್ದಾಗ ತಪ್ಪನ್ನು ಎಲ್ಲಿ ಹುಡುಕಬೇಕು?"

ಗುರುಗಳು ಅವನನ್ನು ನೇರವಾಗಿ ನೋಡಿ ತೀರ್ಪು ಹೇಳಿದರು:

"ನಿನ್ನ ಕೈಯಿಂದ ಎತ್ತಲು ಆಗುವುದರಲ್ಲಿ ಮೊದಲು ಹುಡುಕು."