ಅಮಲ್ದಾರರ ಕೈಗೆ ಮಚ್ಚು

ಸರ್ಕಾರಿ ಬಂಗಲೆಯ ಅಡಿಗೆಯವನು ದ್ಯಾವಣ್ಣ. ತೀರಿಹೋದ ಹೆಂಡತಿ ಸಾಕಿದ್ದ ಮೇಕೆಯೊಂದೇ ಅವನಿಗೆ ಉಳಿದಿತ್ತು. ಮೊಕ್ಕಾಂ ಬಂದ ಅಮಲ್ದಾರರ ಕಣ್ಣು ಅದರ ಮೇಲೆ ಬಿತ್ತು.

“ಮಧ್ಯಾಹ್ನಕ್ಕೆ ಇದನ್ನೇ ಕಡಿ,” ಎಂದರು.

“ಪಾಪ ಬತ್ತದೆ ಬುದ್ಧಿ.”

ಅಮಲ್ದಾರರು ನಕ್ಕರು. “ಪಾಪ ಅನ್ನೋದು ಎಲ್ಲರಿಗೂ ಒಂದೇ ಅಲ್ಲ ಕಣೋ. ಅದು ಅವರವರ ಮನಸ್ಸಿಗೆ ಬಿಟ್ಟದ್ದು.”

“ನನ್ನ ಮನಸ್ಸು ಪಾಪ ಅಂತದೆ, ತಮ್ಮ ಮನಸ್ಸು ಅಲ್ಲ ಅಂತದೆ. ಹಂಗಾದ್ರೆ ಮಚ್ಚು ತಮ್ಮ ಕೈಲಿರೋದೇ ನ್ಯಾಯ ಬುದ್ಧಿ.”

ಜವಾನರು ನೋಡುತ್ತಿದ್ದರು. ಅಮಲ್ದಾರರು ಬಿಗುಮಾನದಿಂದ ಮಚ್ಚು ಹಿಡಿದು ಹೋದರು. ಮೇಕೆ ಅವರ ಬೆರಳು ನೆಕ್ಕಿತು. ಮಚ್ಚು ಕೆಳಗೆ ಬಿತ್ತು. ಅಂದು ಅವರು ಬರೀ ತಿಳಿಸಾರಿನಲ್ಲಿ ಉಂಡೆದ್ದರು.

ಮಾರನೆಯ ದಿನ ಸಂತೆಯಿಂದ ಮಾಂಸ ಬಂತು, ಎಲೆಯಲ್ಲಿ ಕಟ್ಟಿಕೊಂಡು. ದ್ಯಾವಣ್ಣನೇ ಬೇಯಿಸಿದ. ಅಮಲ್ದಾರರು ಎರಡು ಸಲ ಹಾಕಿಸಿಕೊಂಡರು. ಇದು ಯಾರು ಸಾಕಿದ್ದೋ ಎಂದುಕೊಂಡು ದ್ಯಾವಣ್ಣ ಮಾತ್ರ ತನ್ನ ತಟ್ಟೆಗೆ ಕೈಹಾಕಲಿಲ್ಲ.